ಚಾರ್ಮಾಡಿ ಘಾಟಿ ಇಳಿಯುವಾಗ ಎಂಜಿನ್ ಬ್ರೇಕಿಂಗ್: ಎಂಜಿನ್‌ಗೆ ಪೆಟ್ಟಾ?

ಪ್ರಶ್ನೆ: ಕೊಟ್ಟಿಗೆಹಾರದಿಂದ ಕೆಳಗೆ ಥ್ರಾಟಲ್ (ಆಕ್ಸಿಲರೇಟರ್) ಬಿಟ್ಟು, ಎರಡನೇ ಗೇರಿನ ಹಿಡಿತದಲ್ಲೇ (ಅದೇ ಎಂಜಿನ್ ಬ್ರೇಕಿಂಗ್) ಇಳಿಸಿದರೆ ಬೈಕ್ ಗುಂಯ್ ಅನ್ನುತ್ತೆ. ಎಂಜಿನ್ ಹಾಳಾಗುತ್ತಾ?

ಉತ್ತರ 1: ಇಲ್ಲ ಗುರು. ಆರ್‌ಪಿಎಂ (ಎಂಜಿನ್ ತಿರುಗೋ ವೇಗ) ಮೀಟರಿನ ಕೆಂಪು ಗೆರೆ ದಾಟಬಾರದು, ಅಷ್ಟೇ. ಥ್ರಾಟಲ್ ಮುಚ್ಚಿದಾಗ ಪಿಸ್ಟನ್ ಗಾಳಿ ಎಳೆಯೋಕೆ ಒದ್ದಾಡುತ್ತೆ. ಆ ಎಳೆತವೇ ಬ್ರೇಕು. ತೊಂದರೆ ಬರೋದು ನಾಲ್ಕರಿಂದ ಸೀದಾ ಎರಡಕ್ಕೆ ಇಳಿಸಿ ಕ್ಲಚ್ ಪಟ್ಟಂತ ಬಿಟ್ಟಾಗ: ಹಿಂದಿನ ಚಕ್ರ ಕಚ್ಚಿಕೊಂಡು ಜಾರುತ್ತೆ. ಮಳೆಗಾಲದಲ್ಲಂತೂ ಕೇಳಲೇಬೇಡಿ. ಒಂದೊಂದೇ ಗೇರ್ ಇಳಿಸಿ, ಚೂರು ಥ್ರಾಟಲ್ ಕೊಟ್ಟು ಕ್ಲಚ್ ನಿಧಾನಕ್ಕೆ ಬಿಡಿ.

ಉತ್ತರ 2: ಹಳೇ ಟೂ-ಸ್ಟ್ರೋಕ್ ಆದ್ರೆ ಬೇರೆ ಲೆಕ್ಕ. ಅದರಲ್ಲಿ ಆಯಿಲ್ ಪೆಟ್ರೋಲ್ ಜತೆಗೇ ಒಳಗೆ ಹೋಗೋದು. ಥ್ರಾಟಲ್ ಮುಚ್ಚೇ ಇಳಿದರೆ ಆಯಿಲ್ ಸಾಲದೆ ಪಿಸ್ಟನ್ ಸೀಜ್ ಆಗಬಹುದು (ಬಿಗಿದು ನಿಂತುಬಿಡಬಹುದು). ಆಗಾಗ ಥ್ರಾಟಲ್ ತಿರುಗಿಸಿ.

ಉತ್ತರ 3: ನ್ಯೂಟ್ರಲ್ ಮಾತ್ರ ಬೇಡ, ಎಂಜಿನ್ ಹಿಡಿತ ಇಲ್ಲದೆ ಭಾರವೆಲ್ಲ ಬ್ರೇಕ್ ಮೇಲೇ ಬಿದ್ದು, ಡಿಸ್ಕ್ ಕಾದು ಬ್ರೇಕ್ ಹಿಡಿಯಲ್ಲ. ಮತ್ತೆ, ಬರೀ ಎಂಜಿನ್ ಬ್ರೇಕಿಂಗ್‌ಗೆ ಹಿಂದಿನ ಲೈಟ್ ಉರಿಯಲ್ಲ. ಹಿಂದೆ ಬಸ್ ಇದ್ದರೆ ಬ್ರೇಕ್ ಮುಟ್ಟಿ ತೋರಿಸಿ.