ಕಾಲೇಜು ಕಬಡ್ಡಿ: ಸೋತಿದ್ದಕ್ಕೆಲ್ಲ ಮೇನ್ ರೈಡರ್ ಒಬ್ಬನೇ ಕಾರಣನಾ?

ತುಂಗಾತೀರ:
ಮಲೆನಾಡು ಕಡೆ ಕಾಲೇಜು ಕಬಡ್ಡಿ ನೋಡೋರು ಇಲ್ಲಿ ತುಂಬ ಜನ ಇದ್ದೀರಿ, ಅದಕ್ಕೇ ಕೇಳ್ತಿದೀನಿ. ತೀರ್ಥಹಳ್ಳಿ ಕಡೆಯ ನಮ್ಮ ತಂಡದ ಮೇಲೆ ಈ ವರ್ಷ ಎಲ್ಲರಿಗೂ ಆಸೆ ಇತ್ತು. ಕಾಲೇಜಿನ ಹೆಸರು ಬೇಡ, ಹುಡುಗರಿಗೆ ನೋವಾಗುತ್ತೆ. ಹೆಚ್ಚಿನ ಪಂದ್ಯಗಳಲ್ಲಿ ಮೊದಲರ್ಧ ಮುಂದಿದ್ದು, ಎರಡನೇ ಅರ್ಧದಲ್ಲಿ ಇಡೀ ತಂಡ ಔಟಾಗಿ ಲೋನಾ ಕೊಟ್ಟು ಸೋತರು. ಈಗ ವಾಟ್ಸಾಪ್ ಗುಂಪಿನಲ್ಲಿ ಬೈಗುಳ ಪೂರ್ತಿ ಮೇನ್ ರೈಡರ್ ಮೇಲೆ. "ದೊಡ್ಡ ಪಂದ್ಯದಲ್ಲಿ ಕೈ ಕೊಡ್ತಾನೆ" ಅಂತ ಒಬ್ಬರು, "ಕೋಚ್ ಬದಲಾಯಿಸಿ" ಅಂತ ಇನ್ನೊಬ್ಬರು. ನಿಜಕ್ಕೂ ತಪ್ಪು ಎಲ್ಲಿದೆ ಅಂತ ಹೇಗೆ ಕಂಡುಹಿಡಿಯೋದು? ಸ್ಕೋರ್‌ಶೀಟ್‌ಗಳ ಫೋಟೋ ಇವೆ, ಎರಡು ಪಂದ್ಯದ ಮೊಬೈಲ್ ವಿಡಿಯೋನೂ ಇದೆ.

ಎಡಕಾರ್ನರ್:
ಸ್ಕೋರ್‌ಶೀಟ್ ಇದೆ ಅಂದ್ರಲ್ಲ, ಅಷ್ಟು ಸಾಕು. ರೈಡರ್ ಎಷ್ಟು ಪಾಯಿಂಟ್ ತಂದ ಅಂತ ಎಣಿಸಬೇಡಿ. ಅವನು ಎಷ್ಟು ರೈಡ್ ಹೊತ್ತು ಹೊರಗೆ ಕೂತಿದ್ದ ಅಂತ ಎಣಿಸಿ. ಅವನು ಔಟಾದ ಜಾಗಕ್ಕೆ ಒಂದು ಗೆರೆ, ಮತ್ತೆ ಒಳಗೆ ಬಂದ ಜಾಗಕ್ಕೆ ಇನ್ನೊಂದು ಗೆರೆ ಹಾಕಿ. ನಡುವೆ ಎಷ್ಟು ರೈಡ್ ಆಗಿವೆ ನೋಡಿ. ಸೋತ ತಂಡಗಳ ಗುಟ್ಟು ಅಲ್ಲೇ ಇರುತ್ತೆ.

ಕಾರಣ ಹೇಳ್ತೀನಿ. ಔಟಾದವರು ಯಾವ ಸಾಲಿನಲ್ಲಿ ಹೊರಗೆ ಹೋದರೋ ಅದೇ ಸಾಲಿನಲ್ಲಿ ಒಳಗೆ ಬರ್ತಾರೆ. ರೈಡರ್ ಮೊದಲು ಹೋಗಿದ್ದರೆ, ನಮ್ಮವರು ಒಂದು ಟಚ್ ಮಾಡಿದರೂ ಒಂದು ಟ್ಯಾಕಲ್ ಮಾಡಿದರೂ ಅವನಿಗೆ ಜೀವ ಬರುತ್ತೆ. ಬೋನಸ್ ಗೆರೆ ದಾಟಿ ತಂದ ಅಂಕದಿಂದ ಬರಲ್ಲ. ಬೋರ್ಡ್ ಮೇಲೆ ಅಂಕ ಏರುತ್ತೆ, ಬೆಂಚಿನ ಮೇಲಿರುವವನು ಅಲ್ಲೇ ಇರ್ತಾನೆ. ಸೂಪರ್ ಟ್ಯಾಕಲ್‌ನ (ಅಂಕಣದಲ್ಲಿ ಮೂವರು ಅಥವಾ ಇನ್ನೂ ಕಡಿಮೆ ಜನ ಇದ್ದಾಗ ರೈಡರ್‌ನ ಹಿಡಿಯೋದು) ಹೆಚ್ಚುವರಿ ಅಂಕದ್ದೂ ಇದೇ ಕಥೆ: ಎರಡು ಪಾಯಿಂಟ್, ಒಳಗೆ ಬರೋದು ಒಬ್ಬನೇ. ಹಾಗಾಗಿ ಎರಡನೇ, ಮೂರನೇ ರೈಡರ್ ಬರೀ ಬೋನಸ್ ತರ್ತಾ ಇದ್ದು ಡಿಫೆನ್ಸ್ ಒಂದೂ ಹಿಡಿಯದಿದ್ದರೆ, ಸ್ಕೋರ್ ಸಮ ಇದ್ದಂತೆ ಕಾಣುತ್ತೆ, ಅಂಕಣ ಖಾಲಿಯಾಗ್ತಾ ಹೋಗುತ್ತೆ. ಆಮೇಲೆ ಲೋನಾ, ಎದುರಾಳಿಗೆ ಎರಡು ಅಂಕ ಹೆಚ್ಚುವರಿ.

ವಿಡಿಯೋ ನಿಧಾನಕ್ಕೆ ಓಡಿಸಿ, ಸಾಲಿನ ಎರಡು ತುದಿಯಲ್ಲಿ ನಿಲ್ಲೋ ಕಾರ್ನರ್ ಇಬ್ಬರನ್ನೂ ನೋಡಿ. ರೈಡರ್ ಇನ್ನೂ ಒಳಬರುವಾಗಲೇ ಕಾರ್ನರ್ ಹುಡುಗನ ಎದೆ ತನ್ನದೇ ಕಾಲ್ಬೆರಳು ದಾಟಿ ಮುಂದೆ ಬಾಗಿದೆಯಾ? ಹಾಗಿದ್ದರೆ ಅದು ಅವಸರದ ಟ್ಯಾಕಲ್. ಆಂಕಲ್ (ಪಾದದ ಗಂಟು) ಹಿಡಿಯೋದು ರೈಡರ್ ಹಿಂತಿರುಗುವಾಗ, ಹಿಂದಿನ ಕಾಲಿನ ಮೇಲೆ ಅವನ ಭಾರ ಬಿದ್ದ ಕ್ಷಣದಲ್ಲಿ. ಭಾರ ಬೀಳುವ ಮೊದಲೇ ಕೈ ಹಾಕಿದರೆ ಕಾಲು ಎಳ್ಕೊಂಡು ಹೋಗ್ತಾನೆ, ನಮ್ಮವನೂ ಔಟ್, ಸಹಾಯಕ್ಕೆ ಬಂದ, ಸಾಲಿನ ಮಧ್ಯದ ಕಡೆ ನಿಲ್ಲೋ ಕವರ್‌ನವನೂ ಔಟ್. ಒಂದು ತಪ್ಪಿಗೆ ಎರಡು ಜೀವ ಹೋದವು.

ಗಾಜನೂರು ಗಾಳಿ:
ಇಷ್ಟೆಲ್ಲ ಲೆಕ್ಕ ಯಾಕೆ ಅಣ್ಣ? ರೈಡರ್ ಗಟ್ಟಿಯಿದ್ದರೆ ಒಬ್ಬನೇ ಗೆಲ್ಲಿಸ್ತಾನೆ. ಪ್ರೊ ಕಬಡ್ಡಿ 6ನೇ ಸೀಸನ್ ಫೈನಲ್ ನೋಡಿ, ಜನವರಿ 2019. ಬೆಂಗಳೂರು ಬುಲ್ಸ್ 38, ಗುಜರಾತ್ 33. ಅದರಲ್ಲಿ ಪವನ್ ಸೆಹ್ರಾವತ್ ಒಬ್ಬನದೇ 22. ನಮ್ಮ ಹುಡುಗನಿಂದ ಅಂಥ ಆಟ ಬರಲಿಲ್ಲ, ಅಷ್ಟೇ.

ಎಡಕಾರ್ನರ್:
ಆ ಪಂದ್ಯ ನಂಗೂ ಪ್ರಾಣ. ಆದರೆ ಅದೇ 2019ರ ಅಕ್ಟೋಬರ್ ಫೈನಲ್ಲೂ ನೆನಪು ಮಾಡ್ಕೊಳ್ಳಿ. ಬೆಂಗಾಲ್ ವಾರಿಯರ್ಸ್‌ನ ನಾಯಕ, ಮೇನ್ ರೈಡರ್ ಮಣಿಂದರ್ ಸಿಂಗ್ ಗಾಯದಿಂದ ಆಡಲೇ ಇಲ್ಲ. ಆದರೂ ದಬಂಗ್ ಡೆಲ್ಲಿ ಮೇಲೆ 39–34ರಲ್ಲಿ ಗೆದ್ದರು. ಕೋಚ್ ಯಾರು? ನಮ್ಮ ಕರ್ನಾಟಕದ ಬಿ.ಸಿ. ರಮೇಶ್. 2024ರಲ್ಲಿ ಪುಣೇರಿ ಪಲ್ಟನ್ ಕಪ್ ಗೆದ್ದಾಗಲೂ ಅವರೇ ಕೋಚ್. ಅಸ್ಲಂ, ಮೋಹಿತ್, ಪಂಕಜ್ ಅಂತ ರೈಡಿಂಗ್ ಹಂಚಿಹೋಗಿತ್ತು, ಡಿಫೆನ್ಸೂ ಬಿಗಿ ಇತ್ತು. ಪವನ್ ಥರದವರು ಎಲ್ಲೋ ಒಬ್ಬರು. ಕಾಲೇಜು ತಂಡ ಕಟ್ಟೋರು ಎರಡನೇ ದಾರಿ ಹಿಡಿಯೋದೇ ಸರಿ.

ಕೆಂಪುಮಣ್ಣು:
ರೈಡರೋ ಡಿಫೆನ್ಸೋ ಅನ್ನೋ ಜಗಳ ಆಮೇಲೆ. ಹುಡುಗರು ಎಲ್ಲಿ ಪ್ರ್ಯಾಕ್ಟೀಸ್ ಮಾಡಿದ್ರು ಅಂತ ಮೊದಲು ಕೇಳಿ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಮಣ್ಣಿನ ಅಂಕಣ ಕೆಸರುಗದ್ದೆ. ಮಳೆ ಬಿಟ್ಟ ಮೇಲೆ ಆ ಮಣ್ಣು ಒಣಗಿ ಗಟ್ಟಿ ಆಗುತ್ತೆ, ಬಿದ್ದರೆ ಮೊಣಕೈ ಸಿಪ್ಪೆ ಹೋಗುತ್ತೆ, ಅದಕ್ಕೆ ಹೆದರಿ ಯಾರೂ ಪೂರ್ತಿ ಮೈ ಹಾಕಿ ರೈಡರ್‌ನ ಹೊರಗೆ ತಳ್ಳೋ ಡ್ಯಾಶ್ ಹೊಡೆಯಲ್ಲ. ಪಂದ್ಯ ಮಾತ್ರ ಮ್ಯಾಟ್ ಮೇಲೆ.

ಮಣ್ಣಲ್ಲಿ ಬರಿಗಾಲು, ಬೆರಳು ಊರಿ ತಿರುಗ್ತಾರೆ, ಪಾದ ಸ್ವಲ್ಪ ಜಾರಿ ನಿಲ್ಲುತ್ತೆ. ಮ್ಯಾಟ್ ಮೇಲೆ ಶೂ ಹಿಡಿದು ನಿಲ್ಲಿಸಿಬಿಡುತ್ತೆ. ರೈಡರ್ ದಿಕ್ಕು ಬದಲಿಸೋ ವೇಗ ಜಾಸ್ತಿ, ಮಣ್ಣಿನ ಅಂದಾಜಿಟ್ಟುಕೊಂಡ ಡಿಫೆಂಡರ್ ಕೈ ಗಾಳಿಗೆ ಹೋಗುತ್ತೆ. ಶೂ ಸಹ ಟೂರ್ನಿ ಹಿಂದಿನ ವಾರ ಹೊಸದು ತಂದ್ರೆ ಹಿಮ್ಮಡಿ ಗುಳ್ಳೆ ಖಂಡಿತ. ಕನಿಷ್ಠ ಒಂದು ತಿಂಗಳು ಮುಂಚೆ ಹಾಕ್ಕೊಂಡು ಓಡಬೇಕು.

ಪೂರ್ತಿ ಮ್ಯಾಟ್‌ಗೆ ದುಡ್ಡಿಲ್ಲ ಅಂತಾರೆ. ಪೂರ್ತಿ ಬೇಕಾಗಿಲ್ಲ ಮಾರಾಯ್ರೆ! ಗಂಡುಮಕ್ಕಳ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ, ಎರಡೂ ಬದಿಯ ಒಂದೊಂದು ಮೀಟರ್ ಲಾಬಿ ಅದರೊಳಗೇ ಬಂತು. ಅರ್ಧ ಅಂಕಣ ಅಂದ್ರೆ 6.5 × 10. ಒಂದು ಮೀಟರ್ ಚೌಕದ, ಒಂದಕ್ಕೊಂದು ಕಚ್ಚಿಕೊಳ್ಳೋ ತುಂಡು 70 ಇದ್ರೆ ಸಾಕು. ಏಳು ಸಾಲು, ಸಾಲಿಗೆ ಹತ್ತು. ಕಾಲೇಜಿನ ಸಭಾಭವನದಲ್ಲಿ ಕುರ್ಚಿ ಸರಿಸಿ ಹಾಸಿ, ಮಳೆಗಾಲ ಪೂರ್ತಿ ಡಿಫೆನ್ಸ್ ಕಲಿಸಬಹುದು. ಟೇಪಿನಲ್ಲಿ ಗೆರೆ ಹಾಕಿ: ಮಧ್ಯರೇಖೆಯಿಂದ 3.75 ಮೀಟರ್‌ಗೆ ಬಾಕ್ ಲೈನ್, ಅಲ್ಲಿಂದ ಒಂದು ಮೀಟರ್‌ಗೆ ಬೋನಸ್ ಲೈನ್, ಅಲ್ಲಿಂದ ಹಿಂದಿನ ಗೆರೆಗೆ 1.75. ತೇವ ಇದ್ದಾಗ ಮಡಚಿ ಇಡಬೇಡಿ, ಬೂಸ್ಟು ಹಿಡಿದು ಜಾರೋಕೆ ಶುರುವಾಗುತ್ತೆ. ಒರೆಸಿ, ಗಾಳಿ ಆಡೋ ಹಾಗೆ ನಿಲ್ಲಿಸಿ ಇಡಿ.

ಕೊನೆಬಸ್ಸು:
ಎರಡನೇ ಅರ್ಧದಲ್ಲೇ ಬೀಳ್ತಾರೆ ಅಂತ ಬರೆದಿದ್ದೀರಿ. ಅಡಿಕೆ ಕೊಯ್ಲಿನ ಹೊತ್ತಿಗೆ ಹೊಸನಗರ, ಸಾಗರ ಕಡೆ ಹುಡುಗರು ತೋಟಕ್ಕೂ ಸುಲಿಯೋಕೂ ಹೋಗಲೇಬೇಕು, ಉಳಿದ ದಿನ ಸಂಜೆ ಬಸ್ಸಿಗೆ ಓಡಬೇಕು. ಇದು ಯಾರ ತಪ್ಪೂ ಅಲ್ಲ, ಆದರೆ ಪ್ರ್ಯಾಕ್ಟೀಸ್ ಬೆಳಿಗ್ಗೆ ಕ್ಲಾಸಿಗೆ ಮೊದಲು ಇಟ್ಟರೆ ಅರ್ಧ ತೊಂದರೆ ತಪ್ಪುತ್ತೆ. ಇನ್ನೊಂದು ವಿಷಯ, ತೂಕ. ಸೀನಿಯರ್ ಪುರುಷರಿಗೆ 85 ಕೆ.ಜಿ. ಮಿತಿ. ಅದರ ಅಂಚಿನಲ್ಲಿರುವ ಕವರ್ ಹುಡುಗರು ತೂಕದ ಹಿಂದಿನ ದಿನ ನೀರು ಬಿಟ್ಟು ಇಳಿಸ್ತಾರೆ. ಮೊದಲ 20 ನಿಮಿಷ ಹೇಗೋ ಆಗುತ್ತೆ, ವಿರಾಮ ಮುಗಿದ ಮೇಲೆ ಮೀನಖಂಡ ಹಿಡಿಯುತ್ತೆ. ಇಳಿಸೋದಿದ್ದರೆ ಒಂದೂವರೆ ತಿಂಗಳು ಮುಂಚೆಯಿಂದ, ವಾರಕ್ಕೆ ಅರ್ಧ ಕೆ.ಜಿ.ಯಂತೆ. ಊಟದಲ್ಲಿ ಕಡಿಮೆ ಮಾಡಿ, ನೀರಿನಲ್ಲಲ್ಲ.

ತುಂಗಾತೀರ:
ಎಡಕಾರ್ನರ್ ಅಣ್ಣ, ನೀವು ಹೇಳಿದ ಹಾಗೆ ಗೆರೆ ಹಾಕಿ ನೋಡಿದೆ. ಎರಡನೇ ಅರ್ಧದಲ್ಲಿ ಅವನು ಒಳಗಿದ್ದದ್ದಕ್ಕಿಂತ ಹೊರಗೆ ಕೂತಿದ್ದೇ ಜಾಸ್ತಿ. ಅವನು ಇಲ್ಲದಾಗ, ಎರಡು ರೈಡ್ ಖಾಲಿ ಹೋದ ಮೇಲಿನ ಮೂರನೇ ರೈಡ್‌ನಲ್ಲಿ ನಮ್ಮವರು ಸಾಲಾಗಿ ಸಿಕ್ಕಿಬಿದ್ದಿದ್ದಾರೆ. ಮುನ್ನಡೆ ಇದ್ದಾಗಲೂ ಹಾಗೇ. ಇದಕ್ಕೇನು ಮಾಡೋದು?

ಎಡಕಾರ್ನರ್:
ಹಾಗಾದ್ರೆ ಆ ಹುಡುಗನನ್ನ ಬೈಯೋದು ನಿಲ್ಲಿಸಿ ಅಂತ ಗುಂಪಿನಲ್ಲಿ ಇವತ್ತೇ ಹಾಕಿ. ಅವನು ಆಡದೇ ಇದ್ದ ಹೊತ್ತಿನ ಲೆಕ್ಕವನ್ನ ಅವನ ತಲೆಗೆ ಕಟ್ಟೋದು ಅನ್ಯಾಯ.

ಮುನ್ನಡೆ ಇದ್ದಾಗ ಎರಡು ಖಾಲಿ ರೈಡ್ ನಿಮ್ಮ ಹಕ್ಕು, ಮೂರನೆಯದೇ ಡು ಆರ್ ಡೈ, ಅದರಲ್ಲಿ ಅಂಕ ತರದಿದ್ದರೆ ರೈಡರ್ ಔಟು. ಆ ಎರಡರಲ್ಲೂ 30 ಸೆಕೆಂಡ್ ಪೂರ್ತಿ ಬಳಸಬೇಕು. ಬಾಕ್ ಲೈನ್ ಒಮ್ಮೆ ದಾಟಲೇಬೇಕು, ದಾಟದೆ ಸುಮ್ಮನೆ ವಾಪಸ್ ಬಂದ್ರೆ ಔಟು. ಮೊದಲ ಹತ್ತು ಸೆಕೆಂಡಿನಲ್ಲೇ ದಾಟಿಬಿಟ್ಟು, ಮಧ್ಯರೇಖೆ ಹತ್ತಿರ ಬಂದು ಆಡ್ತಾ ಇದ್ದು, 27–28ಕ್ಕೆ ವಾಪಸ್. ಬೆಂಚಿನಿಂದ ಒಬ್ಬ ಹುಡುಗ "ಹತ್ತು, ಇಪ್ಪತ್ತು, ಇಪ್ಪತ್ತೈದು" ಅಂತ ಕೂಗಲಿ. ನಮ್ಮವರು ಹದಿನೈದಕ್ಕೇ ಹೆದರಿ ಓಡಿಬರ್ತಾರೆ, ಆಗ ಅದೇ 20 ನಿಮಿಷದಲ್ಲಿ ಎದುರಾಳಿಗೆ ಹೆಚ್ಚು ರೈಡ್ ಸಿಗುತ್ತೆ.

ಮೂರನೇ ರೈಡ್‌ಗೆ ಅಭ್ಯಾಸ ಬೇರೆ. ಪ್ರ್ಯಾಕ್ಟೀಸ್ ಕೊನೆಯಲ್ಲಿ, ಸುಸ್ತಾಗಿರುವಾಗಲೇ, ಎರಡನೇ ಮತ್ತು ಮೂರನೇ ರೈಡರ್‌ಗೆ ತಲಾ ಹತ್ತು ರೈಡ್, ಎದುರಿಗೆ ಐದು ಡಿಫೆಂಡರ್. ಆರು ಜನರಿಲ್ಲದೆ ಬೋನಸ್ ಇಲ್ಲ, ಹಾಗಾಗಿ ಟಚ್ಚೇ ಮಾಡಬೇಕು. ಕಾರ್ನರ್ ಕಡೆಗೆ ನುಗ್ಗಿದಂತೆ ಮಾಡಿ ಅವನ ಪಕ್ಕ ಒಳಗಡೆ ನಿಲ್ಲೋ 'ಇನ್' ಹುಡುಗನ ಕೈಗೆ ಗುರಿ ಇಡಲಿ. ಟಚ್ ಆಗದೆ ಲಾಬಿಗೆ ಕಾಲಿಟ್ಟರೆ ಔಟ್ ಅನ್ನೋದನ್ನ ಪ್ರತಿ ಸಲ ನೆನಪಿಸಿ, ಅವಸರದಲ್ಲಿ ಕಾಲು ಹೋಗೋದು ಅಲ್ಲೇ. ಅದೇ ಹೊತ್ತಿಗೆ ನಿಮ್ಮ ಎರಡೂ ಕಾರ್ನರ್ ಕೈಯನ್ನ ಬೆನ್ನ ಹಿಂದೆ ಕಟ್ಟಿಸಿ, ರೈಡರ್ ತಿರುಗೋ ತನಕ ಬಿಡಿಸಬೇಡಿ. ಒಂದೆರಡು ವಾರದಲ್ಲಿ ಮುಂದೆ ಬಾಗೋ ಚಟ ಕಡಿಮೆ ಆಗುತ್ತೆ.

ತುಂಗಾತೀರ:
ಗುಂಪಿನಲ್ಲಿ ಹಾಕಿದೀನಿ, ಗೆರೆ ಹಾಕಿದ ಸ್ಕೋರ್‌ಶೀಟ್ ಸಮೇತ. 70 ತುಂಡು ಮ್ಯಾಟ್ ವಿಷಯ ಹಳೇ ವಿದ್ಯಾರ್ಥಿಗಳ ಮುಂದೆ ಇಡ್ತೀನಿ. ಕೆಂಪುಮಣ್ಣು, ಸಭಾಭವನದ ನೆಲ ಟೈಲ್ಸ್ ಇದೆ, ಮ್ಯಾಟ್ ಜಾರಲ್ವಾ?

ಕೆಂಪುಮಣ್ಣು:
ಟೈಲ್ಸ್ ಮೇಲೆ ಧೂಳಿದ್ರೆ ಜಾರುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಸಿ. ಹಿಂದಿನ ಗೆರೆಯ ಸಾಲು ಗೋಡೆಗೆ ತಾಗದ ಹಾಗೆ ಎರಡು ಮೀಟರ್ ಬಿಡಿ, ಡ್ಯಾಶ್ ತಿಂದವನು ಅಲ್ಲೇ ಹೋಗಿ ಬೀಳೋದು.