ಸೆಟ್ಟಿಂಗ್ಸ್ ಸಂಸಾರ

"ಬಸ್ ಟಿಕೆಟ್ ತಗೊಳ್ಳೋಣ ಅಂತ ಆ್ಯಪ್ ತೆಗೆದರೆ, ಪರದೆ ಬಿಳಿ ಇರಲಾ ಕಪ್ಪಗಿರಲಾ ಅಂತ ಕೇಳುತ್ತೆ. ನನಗೆ ಕಿಟಕಿ ಸೀಟು ಬೇಕಪ್ಪ!" ರಾಯರು ಕನ್ನಡಕವನ್ನು ಹಣೆಗೇರಿಸಿದರು.

"ಅದು ಡಾರ್ಕ್ ಮೋಡ್ ರಾಯರೇ. 2019ರಲ್ಲಿ ಆಂಡ್ರಾಯ್ಡ್‌ಗೂ ಬಂತು, ಐಫೋನಿಗೂ ಬಂತು. ಕಣ್ಣಿಗೆ ಹಿತ," ಎಂದ ಸುಬ್ಬು. ಸಾಫ್ಟ್‌ವೇರನ್ನು ಯಾರು ಬೈದರೂ ಅವನಿಗೆ ತಾಗುತ್ತದೆ.

"ಹಿತ ಇರಲಿ. ಬೆಳಗಿನ ಜಾವ ಟಿಂಗ್ ಅನ್ನಲಾ ಅಂತ ಯಾವತ್ತಾದರೂ ಕೇಳಿದೆಯಾ? ಅದಕ್ಕೆ ಮಾತ್ರ ನನ್ನ ಪರವಾಗಿ ಅವರೇ ಹೂಂ ಅಂದಿರ್ತಾರೆ."

"ಕೇಳುತ್ತಲ್ಲ! ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್‌ಗೂ ನಿಮ್ಮ ಅನುಮತಿ ಬೇಕು."

"ಬೇಡ ಅಂದರೆ ಗ್ಯಾಸ್ ಸಿಲಿಂಡರ್ ಹೊರಟಿದ್ದು ಗೊತ್ತಾಗಲ್ಲ. ಬೇಕು ಅಂದರೆ ಗ್ಯಾಸ್ ಜೊತೆಗೆ ಸೀರೆ, ಸಾಲ, ಮೊಣಕಾಲಿನ ಎಣ್ಣೆ."

"ಬೇಡದ್ದು ಮಾತ್ರ ಆಫ್ ಮಾಡಿ. ಸೆಟ್ಟಿಂಗ್ಸ್, ಆ್ಯಪ್ಸ್, ನೋಟಿಫಿಕೇಶನ್ಸ್, ಅದರೊಳಗೆ ಕೆಟಗರಿ..."

"ಅಷ್ಟು ಒಳಗೆ ಹೋಗುವಷ್ಟರಲ್ಲಿ ಸೀರೆ ಆಫರ್ ಮುಗಿದಿರುತ್ತೆ ಬಿಡು. ಸೆಟ್ಟಿಂಗ್ಸ್ ಹುಡುಕೋಕೆ ಸೆಟ್ಟಿಂಗ್ಸ್ ಒಳಗೇ ಒಂದು ಸರ್ಚ್ ಇಟ್ಟಿದ್ದಾರೆ. ಕಟ್ಟಿದವರಿಗೇ ದಾರಿ ತಪ್ಪಿದೆ ಅಂತ ಆಯ್ತಲ್ಲ?"

ವನಜಕ್ಕ ನಕ್ಕರು. "ನನ್ನದು ವಾಟ್ಸಾಪ್ ನೀಲಿ ಟಿಕ್ಕಿನ ಕಷ್ಟ. ಆಫ್ ಮಾಡಿದೆ. ನಾದಿನಿ ನನ್ನ ಮೆಸೇಜ್ ಓದಿದಳೋ ಇಲ್ವೋ ನನಗೂ ಕಾಣಲಿಲ್ಲ. ಮತ್ತೆ ಆನ್ ಮಾಡಿದೆ."

"ಗ್ರೂಪಲ್ಲಿ ಆಫೇ ಆಗಲ್ಲ ಅಕ್ಕ," ಎಂದ ಸುಬ್ಬು.

"ಗೊತ್ತಪ್ಪ. ಅದಕ್ಕೇ ಫ್ಯಾಮಿಲಿ ಗ್ರೂಪ್ ತೆಗೆಯೋದೇ ಇಲ್ಲ."

ರಾಯರು ದನಿ ತಗ್ಗಿಸಿದರು. "ಇವತ್ತು ಬೆಳಗ್ಗೆ ಇನ್ನೊಂದಾಯ್ತು. ಅಬೌಟ್ ಫೋನ್ ಅಂತ ಇತ್ತು, ಹೋದೆ. ಅಲ್ಲಿ ಬಿಲ್ಡ್ ನಂಬರ್. ಸುಮ್ನೆ ಟಪಟಪ ಒತ್ತಿದೆ. ಇನ್ನು ಮೂರು ಹೆಜ್ಜೆ ಅಂತು. ಇನ್ನು ಎರಡು ಅಂತು. ಏಳನೇದಕ್ಕೆ, ನೀವೀಗ ಡೆವಲಪರ್ ಅಂತು!"

"ಅಯ್ಯೋ, ಅದು ಡೆವಲಪರ್ ಆಪ್ಷನ್ಸ್, ಆ್ಯಪ್ ಬರೆಯೋರಿಗೆ ಇಟ್ಟಿರೋದು. ಏಳು ಸಲ ಒತ್ತಿದರೆ ತೆರೆಯುತ್ತೆ."

"ನನ್ನ ಮಗ ಇದಕ್ಕೇ ನಾಲ್ಕು ವರ್ಷ ಓದಿದನಲ್ಲೋ. ಫೀಸು ನಾನು ಕಟ್ಟಿದೆ!"

"ಅಲ್ಲಿ ಏನೂ ಮುಟ್ಟಬೇಡಿ ರಾಯರೇ."

"ಗೊತ್ತು. ಏಳು ಹೆಜ್ಜೆ ತುಳಿದು ಒಂದು ಮನೆ ಸೇರಿದ್ದೇನೆ. ಅಲ್ಲೂ ಯಾವ ಸೆಟ್ಟಿಂಗೂ ನಾನು ಮುಟ್ಟುವ ಹಾಗಿಲ್ಲ."

ಸುಬ್ಬು ವನಜಕ್ಕನ ಫೋನ್ ಕೈಗೆ ತಗೊಂಡ. ಅಕ್ಷರ ಎಷ್ಟು ದಪ್ಪ ಅಂದರೆ 'ಸಂದೇಶಗಳು' ಎರಡು ಸಾಲಾಗಿತ್ತು. ಪರದೆಯ ಮೇಲೆ ಎರಡು ಗಡಿಯಾರ. ಒಂದು ನಮ್ಮದು, ಇನ್ನೊಂದು ನ್ಯೂಯಾರ್ಕ್.

"ಅಕ್ಕ, ಮಗಳು ಸುಮಾ ಕ್ಯಾಲಿಫೋರ್ನಿಯಾಕ್ಕೆ ಹೋದಳು ಅಂದಿರಲ್ಲ?"

"ಹೋಗಿ ಎರಡು ವರ್ಷ ಆಯ್ತು. ಇದರಲ್ಲಿ ಮೂರು ಗಂಟೆ ಕಳೆದುಕೊಳ್ತೀನಿ, ಅಷ್ಟೇ ತಾನೇ."

"ಈಗಲೇ ಬದಲಾಯಿಸಿ ಕೊಡ್ತೀನಿ, ಅರ್ಧ ನಿಮಿಷ."

"ಬೇಡ ಕಣೋ, ಕೊಡು ಇಲ್ಲಿ. ಅವಳು ಹಾಕಿಕೊಟ್ಟಿದ್ದು. ಬಂದಾಗ ಅವಳೇ ಮಾಡ್ತಾಳೆ."

ಸುಬ್ಬು ಮಾತಾಡದೆ ಫೋನ್ ವಾಪಸ್ ಕೊಟ್ಟ. ರಾಯರೂ ಇದಕ್ಕೆ ಚಟಾಕಿ ಹಾರಿಸಲಿಲ್ಲ. ಅಷ್ಟು ಹೊತ್ತು ಅವರು ಸುಮ್ಮನಿದ್ದುದೇ ಅಪರೂಪ.

ಅವರ ಫೋನೇ ಬಡಿದುಕೊಂಡಿತು. ಗೊತ್ತಿಲ್ಲದ ನಂಬರ್.

"ಸಾಲದವರು," ಎಂದ ಸುಬ್ಬು. "ಬೇಡದ ಕರೆ ತಡೆಯೋ ಡಿಎನ್‌ಡಿ ಹಾಕಿಲ್ವಾ? 1909ಕ್ಕೆ ಸ್ಟಾರ್ಟ್ 0 ಅಂತ ಕಳಿಸಿದರೆ ನಿಲ್ಲುತ್ತೆ."

"ನಿಲ್ಲಿಸೋಕೆ ಸ್ಟಾರ್ಟ್ ಅನ್ನಬೇಕಾ? ಭೇಷ್!" ರಾಯರು ಫೋನ್ ಎತ್ತಿದರು. ಸ್ಪೀಕರ್ ತಾನೇ ಆನ್ ಆಗಿತ್ತು, ಅದನ್ನೂ ಯಾರೋ ಸೆಟ್ ಮಾಡಿದ್ದಾರೆ.

"ಸರ್, ಪರ್ಸನಲ್ ಲೋನ್ ಆಫರ್ ಇದೆ. ಏನು ಕೆಲಸ ಮಾಡ್ತಿದ್ದೀರಾ ಸರ್?"

"ಡೆವಲಪರ್."

"ಸೂಪರ್ ಸರ್! ಎಷ್ಟು ವರ್ಷ ಎಕ್ಸ್‌ಪೀರಿಯೆನ್ಸ್?"

"ಇವತ್ತು ಬೆಳಗ್ಗೆ ತಿಂಡಿ ಆದಮೇಲಿಂದ."