ಲೈಬ್ರರಿಯ ಇತಿಹಾಸ ಮಾತುಕತೆಗೆ ಯಾರನ್ನು ಕರೆಯಬೇಕು?

ಕಾಳಿದಂಡೆ: ಕಾರವಾರದ ಹತ್ತಿರ ನಮ್ಮ ಪಂಚಾಯ್ತಿ ಲೈಬ್ರರಿಯಲ್ಲಿ ತಿಂಗಳಿಗೊಮ್ಮೆ ಊರಿನ ಇತಿಹಾಸದ ಮಾತುಕತೆ ಇಡಬೇಕು ಅಂತ ಹೊರಟಿದ್ದೇವೆ. ಮೊದಲಿಗೆ ಸದಾಶಿವಗಡದ ಕೋಟೆ, ಇಲ್ಲಾ ಇಲ್ಲಿ ಜಡ್ಜ್ ಆಗಿದ್ದ ಅಣ್ಣನ ಮನೆಗೆ ಟಾಗೋರರು ಬಂದು ಉಳಿದ ಕಥೆ. ಕಾಲೇಜಿನ ಪ್ರಾಧ್ಯಾಪಕರನ್ನು ಕರೆಯೋಣ ಅಂತಿದ್ದೇವೆ. ಏನಂತೀರಿ?

ಅರಗಾದ ಮಗಳು: ಎರಡೂ ಬೇಕು, ಬೇಡ ಅನ್ನಲ್ಲ. ಆದರೆ ಅವನ್ನು ಎಲ್ಲಿ ಹೋದರೂ ಕೇಳುತ್ತೇವೆ. ನೌಕಾನೆಲೆಯ ಸೀಬರ್ಡ್ ಯೋಜನೆ ಬಗ್ಗೆ ಯಾರು ಮಾತಾಡುತ್ತಾರೆ? 1986ರಲ್ಲಿ ಅಡಿಗಲ್ಲು, 2005ರಲ್ಲಿ ಕದಂಬ ನೌಕಾನೆಲೆ. ನಡುವೆ ಊರಿಗೆ ಊರೇ ಎದ್ದು ಹೋಯಿತು. ಯಾವ ಮನೆ ಎಲ್ಲಿತ್ತು, ರಂಪಣಿ ಬಲೆ ಎಲ್ಲಿ ಎಳೆಯುತ್ತಿದ್ದರು ಅಂತ ಹೇಳುವವರಿಗೆ ಈಗ ವಯಸ್ಸಾಗಿದೆ. ನನ್ನ ದೊಡ್ಡಮ್ಮ ಹಳೇ ಪಹಣಿಯನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದಾರೆ. ಮಡಿಕೆ ಬಿದ್ದಲ್ಲೆಲ್ಲ ಹರಿದಿದೆ. ಸರ್ವೆ ನಂಬರ್ ಓದಿದರೆ ಸಾಕು, ಗದ್ದೆಯ ಅಂಚು, ಬಾವಿ, ಪಕ್ಕದ ಮನೆಯವರ ಹೆಸರು ಎಲ್ಲ ಹೇಳುತ್ತಾರೆ.

ದಾಖಲೆ ಮೊದಲು: ಅಕ್ಕಾ, ನೆನಪೊಂದೇ ಸಾಲದು. ಅಂಕೋಲೆಯ ಉಪ್ಪಿನ ಸತ್ಯಾಗ್ರಹ ನೋಡಿ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ನಡೆದದ್ದು. ಲೈಬ್ರರಿಯಲ್ಲಿ ತಾರೀಖು ತಪ್ಪು ಹೇಳಿದರೆ ಮಕ್ಕಳು ಅದನ್ನೇ ಬರೆದುಕೊಂಡು ಹೋಗುತ್ತಾರೆ.

ಸಿದ್ದಾಪುರದವ: ಕಾಗದದಲ್ಲಿ ಎಲ್ಲ ಇರೋದಿಲ್ಲ ಸರ್. ಬ್ರಿಟಿಷರಿಗೆ ಕಂದಾಯ ಕೊಡಲ್ಲ ಅಂದ ಕರನಿರಾಕರಣೆ ಚಳವಳಿಯಲ್ಲಿ ನಮ್ಮ ಕಡೆ, ಅಂಕೋಲೆ ಕಡೆ ರೈತರ ಜಮೀನು ಜಪ್ತಿಯಾಗಿ ಹರಾಜಾಯಿತು. ಹರಾಜಿನಲ್ಲಿ ಕೊಂಡವರ ಮನೆ ಮುಂದೆ 1932ರಲ್ಲಿ ಮಾವಿನಗುಂಡಿಯಲ್ಲಿ ಹೆಂಗಸರು ಸತ್ಯಾಗ್ರಹ ಕೂತರು. ಹರಾಜಿನ ಲೆಕ್ಕ ಕಚೇರಿಯಲ್ಲಿ ಸಿಗಬಹುದು. ಆ ವರ್ಷ ಗಂಜಿಗೆ ಅಕ್ಕಿ ಯಾರು ಕೊಟ್ಟರು, ದನಕರು ಯಾರ ಕೊಟ್ಟಿಗೆಗೆ ಹೋದವು ಅನ್ನೋದನ್ನು ಮನೆಯವರೇ ಹೇಳಬೇಕು.

ಗಂಗಾವಳಿ: ಕಷ್ಟ ಇರೋದು ಅಲ್ಲೇ. ಕೊಂಡವರ ಮೊಮ್ಮಕ್ಕಳೂ ಇದೇ ಸೀಮೆಯವರು. ಲೈಬ್ರರಿಗೆ ಅವರೂ ಬರಬೇಕಲ್ವಾ? ಹೆಸರು ಹಿಡಿದು ಹೇಳಿದರೆ ಮುಂದಿನ ತಿಂಗಳು ಅರ್ಧ ಕುರ್ಚಿ ಖಾಲಿ.

ಸಿದ್ದಾಪುರದವ: ಹೆಸರು ಬೇಡ, ಸರಿ. ನಡೆದದ್ದನ್ನು ಮುಚ್ಚಿಡೋದಕ್ಕೆ ಮಾತ್ರ ನಾನು ಒಪ್ಪಲ್ಲ.

ದಾಖಲೆ ಮೊದಲು: ಹಾಗಾದರೆ ಹಿರಿಯರೇ ಮಾತಾಡಲಿ. ಪಕ್ಕದಲ್ಲಿ ಓದಿಕೊಂಡವರು ಒಬ್ಬರು ಇರಲಿ, ಮೇಜಿನ ಮೇಲೆ ಹಳೇ ಸರ್ವೆ ನಕ್ಷೆ ಹರಡಿರಲಿ. ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿ. ತಾರೀಖು ತಪ್ಪಿದರೆ ಅವರ ಮಾತು ಕಡಿಯಬೇಡಿ, ಆಮೇಲೆ ತಿದ್ದಿ ಬರೆದಿಡಿ.

ಜೋಯಿಡಾ: ಸೂಪಾಕ್ಕೂ ಇದು ಬೇಕು. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಪೇಟೆಯೇ ಮುಳುಗಿತು, ತಾಲೂಕು ಕಚೇರಿ ಜೋಯಿಡಾಕ್ಕೆ ಬಂತು. ಆದರೆ ನಮ್ಮ ಹಿರಿಯರಲ್ಲಿ ಜಾಸ್ತಿ ಜನರ ಮನೆಮಾತು ಕೊಂಕಣಿ. ಮೈಕ್ ಕೊಟ್ಟು ಕನ್ನಡದಲ್ಲೇ ಹೇಳಿ ಅಂದರೆ ಎರಡು ಮಾತಿಗೆ ನಿಲ್ಲಿಸುತ್ತಾರೆ.

ಕಾಳಿದಂಡೆ: ಸರಿ, ಮೊದಲ ತಿಂಗಳು ಸೀಬರ್ಡ್. ಕೊಂಕಣಿಯಲ್ಲೇ ಹೇಳಲಿ, ಕನ್ನಡದಲ್ಲಿ ತಿಳಿಸೋಕೆ ಒಬ್ಬರನ್ನು ಕೂರಿಸುತ್ತೇವೆ. ಪ್ರಾಧ್ಯಾಪಕರನ್ನೂ ಕರೆಯುತ್ತೇವೆ, ಭಾಷಣಕ್ಕಲ್ಲ, ಕೇಳಿ ಬರೆದುಕೊಳ್ಳೋಕೆ. ಭಾನುವಾರ ಬೆಳಿಗ್ಗೆ 10ಕ್ಕೆ ಆಗಬಹುದಾ?

ಅರಗಾದ ಮಗಳು: ಬೆಳಿಗ್ಗೆ ಬೇಡ ಮಾರಾಯ್ರೆ. ಭಾನುವಾರ ಮೀನು ಮಾರುವ ಹೆಂಗಸರೆಲ್ಲ ಪೇಟೆಯಲ್ಲಿರುತ್ತಾರೆ. ಸಂಜೆ ನಾಲ್ಕಕ್ಕೆ ಇಡಿ, ಕೊನೆಯ ಬಸ್ ಹೊರಡೋ ಮೊದಲು ಮುಗಿಸಿ.